ಬ್ಯಾಟರಿ ತಿನ್ನುತ್ತಿರುವವರು

ಬೆಂಚಿನ ಮೇಲೆ ಕೂತಲ್ಲಿಂದ ಅದೆಶಿನನಿಗೆ ಮೆಕ್ಯಾನಿಕ್ ರೀವೈರ್‌ನ ಒಂದೇ ಕೈ ಕಾಣುತ್ತಿತ್ತು. ಆ ಕೈ ಸುಮ್ಮನೆ ಕಾರಿನ ಅಂಚಿನ ಮೇಲೆ ಒರಗಿತ್ತು. ಹಾಗಿದ್ದರೆ ಕೆಲಸ ಮಾಡುತ್ತಿರುವುದು ಕಾಣದ ಕೈ. ಅವನು ಸ್ವಲ್ಪ ಸರಿದು ಕತ್ತು ಚಾಚಿದ. ಎತ್ತಿ ನಿಲ್ಲಿಸಿದ್ದ ಬಾನೆಟ್ಟು ಅಡ್ಡ ಬಂತು. ಎದ್ದು ಹೋಗಿ ನೋಡಬಹುದಾಗಿತ್ತು. ಆದರೆ ಆಗಲೇ ಹಲವು ಸಲ ಎದ್ದು ಹೋಗಿ ನೋಡಿ ಬಂದಾಗಿತ್ತು. ಇನ್ನೊಂದು ಸಲ ಎದ್ದರೆ ಪಕ್ಕದಲ್ಲಿ ಕೂತ ಹೆಂಡತಿ ಮೊರೆನಿಕೆ ಏನಂದುಕೊಂಡಾಳು? ಏನೂ ಅಂದುಕೊಳ್ಳುವುದಿಲ್ಲ, ಇಲ್ಲಿ ಎಲ್ಲರೂ ಏಳುವವರೇ, ನೋಡುವವರೇ. ಇಬಾದಾನ್ ಊರಿನ ಈ ಮೆಕ್ಯಾನಿಕ್ ವಿಲೇಜಿಗೆ, ರಿಪೇರಿಯವರೆಲ್ಲ ಒಂದೇ ಕಡೆ ಸೇರಿದ ಬಯಲಿಗೆ ಬಂದು ಕಾರು ಬಿಟ್ಟು ಮನೆಗೆ ಹೋಗುವಷ್ಟು ಧೈರ್ಯ ಯಾರಿಗಿದೆ? ಬೆಳಿಗ್ಗೆ ಬಿಟ್ಟು ಸಂಜೆ ಬಂದರೆ ಕಾರೇನೋ ಇರುತ್ತದೆ, ಅದರ ಹೊಟ್ಟೆಯೊಳಗಿನದು ಇನ್ಯಾರದೋ ಕಾರಿನ ಹೊಟ್ಟೆ ಸೇರಿರುತ್ತದೆ. ಆದ್ದರಿಂದ ಕಾರಿನವರೆಲ್ಲ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಕೂತಂತೆ ಬುತ್ತಿ ಕಟ್ಟಿಕೊಂಡು ಬಂದು, ಹಳೆಯ ಬಸ್ಸಿನಿಂದ ಕಿತ್ತ ಸೀಟುಗಳ ಮೇಲೆ ದಿನಪೂರ್ತಿ ಕೂತು, ತಮ್ಮ ತಮ್ಮ ಕಾರನ್ನು ಕಾಯುತ್ತಾರೆ. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಎಲ್ಲರ ತುಟಿಯ ಮೇಲೂ ಒಂದೇ ಸಮನಾಗಿ ಕೂರುತ್ತದೆ.

ಅದೆಶಿನನೂ ಕಾಯುತ್ತಿದ್ದ. ಆದರೆ ಬೇರೆಯವರು ಕಾರಿನೊಳಗಿಂದ ಏನೂ ಹೋಗದಿರಲಿ ಎಂದು ಕಾಯುತ್ತಿದ್ದರೆ ಇವನು ಕಾರಿನೊಳಗಿಂದ ಏನೂ ಸಿಗದಿರಲಿ ಎಂದು ಕಾಯುತ್ತಿದ್ದ. ಆ ಕಾರಿನಲ್ಲಿ ಎಲ್ಲೋ ಒಂದು ಕಡೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿತ್ತು, ಟ್ರ್ಯಾಕರ್. ಮೊರೆನಿಕೆ ಕಾರನ್ನು ಎಲ್ಲಿ ನಿಲ್ಲಿಸಿದರೂ ಅದು ಅವನ ಫೋನಿಗೆ ಹೇಳುತ್ತಿತ್ತು. ಅದನ್ನು ಹಾಕಿಸಿದವನು ಅವನೇ. ಎಲ್ಲಿ ಹಾಕಿದ್ದಾರೆ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಸಹೋದ್ಯೋಗಿಯ ತಂದೆಯ ಮಣ್ಣಿಗೆ ಹೋಗುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ, ಅವಳ ಕಾರನ್ನೇ ಕೇಳಿ ತೆಗೆದುಕೊಂಡು, ಇವೋ ಪಟ್ಟಣದ ತನಕ ಹೋಗಿದ್ದ. ಅಲ್ಲಿಯ ಫೋನ್ ರಿಪೇರಿಯವನು, ನೀವು ಇಲ್ಲಿ ನಿಲ್ಲಬೇಡಿ, ಆ ಕಡೆ ಹೋಗಿ ಏನಾದರೂ ಕುಡಿಯಿರಿ, ಜಾಗ ಗೊತ್ತಾದರೆ ನಿಮ್ಮ ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತದೆ, ಕಣ್ಣೇ ಹೇಳಿಬಿಡುತ್ತದೆ ಎಂದಿದ್ದ. ಬುದ್ಧಿವಂತನ ಮಾತು ಅನ್ನಿಸಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ, ಕಾಯದೆ ಕಾರು ಬಿಟ್ಟು ಹೋಗಿ, ಮರದ ಕೆಳಗೆ ತಂಪು ಮಾಲ್ಟ್ ಕುಡಿಯುತ್ತ ಕೂತ. ಅದಾದ ಮೇಲೆ ಕಾರು ಬೆಳಗಾದರೆ ಸಾಕು, ಕೆಮ್ಮಿ ಸುಮ್ಮನಾಗತೊಡಗಿತು. ಬ್ಯಾಟರಿ ರಾತ್ರಿಯಲ್ಲೇ ಖಾಲಿ. ಗುಟ್ಟಾಗಿ ಮತ್ತೆ ಇವೋಗೆ ಹೋದರೆ ಫೋನ್ ರಿಪೇರಿಯವನ ಅಂಗಡಿಯಲ್ಲಿ ಯಾರೋ ಹೆಂಗಸು ಕೂದಲು ಹೆಣೆಯುತ್ತಿದ್ದಳು. ಅವನೆಲ್ಲಿ ಎಂದರೆ, ಯಾರು ಎಂದಳು.

ಕಾರು ಮೊರೆನಿಕೆಯದು. ಮದುವೆ, ನಾಮಕರಣ, ಮಣ್ಣು ಎಂದು ಊರಿನ ಎಲ್ಲ ಊಟಗಳಿಗೂ ಅಡಿಗೆ ಮಾಡಿಸುವವಳು ಅವಳು. ಆ ದುಡಿಮೆಯಲ್ಲೇ ಕೊಂಡದ್ದು. ತೊಕುನ್ಬೊ ಕಾರು: ಪರದೇಶದಲ್ಲಿ ಹುಟ್ಟಿ ಮನೆಗೆ ಬಂದ ಮಗುವಿಗೆ ಇಡುವ ಹೆಸರನ್ನು ಪರದೇಶದಲ್ಲಿ ಓಡಿ ಸವೆದು ಬಂದ ಕಾರಿಗೂ ಇಟ್ಟು ನಗುವ ಜನ ನಾವು. ಅವಳು ಅದನ್ನು ಮಗುವಿನಂತೆಯೇ ನೋಡಿಕೊಂಡಳು. ಮೊದಮೊದಲು ಅವನಿಗೂ ಸಂತೋಷವಾಗಿತ್ತು. ಆಮೇಲೆ ಅವಳು ಕೀ ಹಿಡಿದು ಹೊರಡುವಾಗಿನ ಆ ನಡಿಗೆ, ಹಿಂದೆ ನೋಡದೆ ಗೇಟು ದಾಟುವ ರೀತಿ ಕಣ್ಣಿಗೆ ಚುಚ್ಚತೊಡಗಿತು. ನೀರು ಸರಬರಾಜಿನ ಕಚೇರಿಯಲ್ಲಿ ಮೇಜಿನ ಮುಂದೆ ಕೂತವನಿಗೆ ಅವಳು ಈಗ ಎಲ್ಲಿರಬಹುದು ಎಂಬ ಯೋಚನೆ ಹಲ್ಲಿಗೆ ಸಿಕ್ಕಿದ ಮಾಂಸದ ನಾರಿನಂತೆ. ನಾಲಿಗೆ ಅಲ್ಲಿಗೇ ಹೋಗುತ್ತದೆ. ಡಬ್ಬಿ ಹಾಕಿಸಿದ ಮೇಲೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಕಾರು ಊರಿನ ಆಚೆ ತುದಿಯ ಒಂದೇ ಓಣಿಯಲ್ಲಿ ನಿಲ್ಲುತ್ತಿತ್ತು, ಬಹಳ ಹೊತ್ತು. ಆ ಓಣಿಯಲ್ಲಿ ಮದುವೆಯೂ ಇಲ್ಲ, ಮಾರುಕಟ್ಟೆಯೂ ಇಲ್ಲ. ಒಂದು ದಿನ ಅವನು ಬಾಡಿಗೆ ಬೈಕಿನ ಹಿಂದೆ ಕೂತು ಹೋಗಿ ನೋಡಿದ. ಬೇವಿನ ಮರದ ಕೆಳಗೆ ಕಾರಿತ್ತು, ಮುಚ್ಚಿದ ಗೇಟೊಂದಿತ್ತು, ಒಳಗೆ ಯಾರಿದ್ದರೋ. ಬ್ರೆಡ್ ಮಾರುವವಳ ಛತ್ರಿಯ ಹಿಂದೆ ನಿಂತುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಆ ಹೆಂಗಸು, ಯಾರ ಸಾಲ ತಪ್ಪಿಸಿಕೊಂಡು ನಿಂತಿದ್ದೀರಪ್ಪ ಎಂದು ಇಡೀ ಓಣಿಗೆ ಕೇಳುವಂತೆ ಕೇಳಿದಳು. ಅವನು ಬೇಡದ ಬ್ರೆಡ್ ಕೊಂಡು, ಅದನ್ನು ಎದೆಗವಚಿಕೊಂಡು ಓಡಿ ಬಂದ. ಮನೆಯಲ್ಲಿ ಮೊರೆನಿಕೆ ಆ ಬ್ರೆಡ್ಡನ್ನು ಚೆನ್ನಾಗಿದೆ ಎಂದು ತಿಂದಳು, ಮಗಳು ಇರೆತಿಗೂ ಕೊಟ್ಟಳು. ಅವಳು ತಿಂದ ರೀತಿಯಲ್ಲಿ ತಪ್ಪಿತಸ್ಥೆಯ ಅವಸರವಿತ್ತೇ ಎಂದು ಅವನು ಈಗಲೂ ಯೋಚಿಸುತ್ತಿದ್ದ.

ರೀವೈರ್‌ನ ನಿಜವಾದ ಹೆಸರು ರಾಸಾಕಿ. ಆದರೆ ಕಾರಿನ ವೈರಿನ ಕೆಲಸ ಮಾಡುವವರೆಲ್ಲರಿಗೂ ಊರು ಕೊಟ್ಟ ಹೆಸರು ರೀವೈರ್, ಅದೇ ಅವನಿಗೂ ಅಂಟಿಕೊಂಡಿತ್ತು. ದೊಡ್ಡ ಹೊಟ್ಟೆಯ, ದೊಡ್ಡ ಬಾಯಿಯ ಮನುಷ್ಯ. ಬೆಳಿಗ್ಗೆ ಬಾನೆಟ್ಟು ಎತ್ತಿದ ಕೂಡಲೇ ಇದು ಡಿಕ್ಕಿಯ ಲೈಟೇ, ಮುಚ್ಚಿದ ಮೇಲೂ ಉರಿಯುತ್ತಿರುತ್ತದೆ ಎಂದು ಆಣೆ ಮಾಡಿದ. ಡಿಕ್ಕಿಯ ಬಲ್ಬು ಸುಟ್ಟು ಎಷ್ಟೋ ಕಾಲವಾಗಿತ್ತು. ಆಮೇಲೆ ರೇಡಿಯೋ ಎಂದ. ರೇಡಿಯೋ ಕಿತ್ತಿಟ್ಟರೂ ಕರೆಂಟು ಕದಿಯುವ ಕಳ್ಳ ಹೋಗಲಿಲ್ಲ. ತಪ್ಪಿದಷ್ಟೂ ಅವನ ಉತ್ಸಾಹ ಹೆಚ್ಚುತ್ತಿತ್ತು, ಅದೇ ಅದೆಶಿನನಿಗೆ ಹೆದರಿಕೆ. ಈಗ ರೀವೈರ್ ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ, ಅದಕ್ಕೂ ವೈರಿಗೂ ನಡುವೆ ತನ್ನ ಪುಟ್ಟ ಟೆಸ್ಟ್ ಲ್ಯಾಂಪು ಸೇರಿಸಲು ಹೊರಟ. ಕೀ ತೆಗೆದು, ಬಾಗಿಲೆಲ್ಲ ಮುಚ್ಚಿ, ಎಲ್ಲ ಆರಿಸಿದ ಮೇಲೂ ಈ ದೀಪ ಉರಿದರೆ ಯಾರೋ ಬ್ಯಾಟರಿ ತಿನ್ನುತ್ತಿದ್ದಾರೆ ಎಂದು ಅರ್ಥ ಅಂತ ಸುತ್ತಲಿನವರಿಗೆಲ್ಲ ಪಾಠ ಹೇಳಿದ. ಟರ್ಮಿನಲ್ ಕಳಚಿತು. ಅದೆಶಿನನ ಜೇಬಿನಲ್ಲಿ ಫೋನು ಟಿಂಗ್ ಎಂದಿತು.

ತೆಗೆದು ನೋಡಿದ. ಕರೆಂಟು ಕಡಿದಿದೆ, ನಿಮ್ಮ ವಾಹನದಿಂದ ಯಾರೋ ಬ್ಯಾಟರಿ ಬೇರ್ಪಡಿಸಿದ್ದಾರೆ ಎಂದು ಇಂಗ್ಲಿಷಿನಲ್ಲಿತ್ತು. ಇದೊಂದನ್ನು ಅವನು ಯೋಚಿಸಿಯೇ ಇರಲಿಲ್ಲ. ಡಬ್ಬಿಯ ಹೊಟ್ಟೆಯಲ್ಲಿ ಅದರದೇ ಒಂದು ಪುಟ್ಟ ಬ್ಯಾಟರಿಯಿದೆ, ಕಳ್ಳ ಕಾರು ಮುಟ್ಟಿದರೆ ಅದು ಕಿರುಚುತ್ತದೆ ಎಂದು ಇವೋದವನು ಹೆಮ್ಮೆಯಿಂದ ಹೇಳಿದ್ದು ಈಗ ನೆನಪಾಯಿತು. ರೀವೈರ್ ಏನೋ ಮರೆತವನಂತೆ ಟರ್ಮಿನಲ್ ಮತ್ತೆ ಸಿಕ್ಕಿಸಿದ. ಟಿಂಗ್. ಕರೆಂಟು ಬಂದಿದೆ. ಯಾರು ಎಂದು ಮೊರೆನಿಕೆ ಕೇಳಿದಳು. ಬ್ಯಾಂಕಿನವರು ಎಂದ. ಫೋನಿನ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿದ. ಆ ಜೇಬಿನಲ್ಲೇ ಕಚೇರಿಯ ಬೀಗದ ಕೈಗೊಂಚಲಿತ್ತು. ಮುಂದಿನ ಸಲ ಟರ್ಮಿನಲ್ ಬಿಚ್ಚಿದಾಗ ಫೋನು ನಡುಗಿ, ಕೀಗಳೆಲ್ಲ ಗಿಲಕಿಯಂತೆ ಗಲಗಲ ಎಂದವು. ಆರಿಸಿಬಿಡೋಣವೆಂದರೆ, ಪಂಪ್‌ಹೌಸಿನ ವಿಷಯಕ್ಕೆ ಡೈರೆಕ್ಟರು ಯಾವಾಗ ಬೇಕಾದರೂ ಫೋನು ಮಾಡಬಹುದು, ಅಲ್ಲಿ ಬಹಳ ಹೊತ್ತು ಕೂರಲಾರೆ, ನೀನು ಮನೆಯಲ್ಲೇ ಇರು, ನಾನೊಬ್ಬನೇ ಬೇಗ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ತಾನೇ ಕಟ್ಟಿದ ಕತೆ ಅಡ್ಡ ಬಂತು. ಅವಳು ಒಪ್ಪಿರಲಿಲ್ಲ. ನಾಳೆ ಓಯೋದಲ್ಲಿ ದೊಡ್ಡ ಮದುವೆಯ ಅಡಿಗೆ, ಕಾರು ಹಿಡಿದುಕೊಂಡೇ ಬರುವವಳು ನಾನು ಎಂದು ಬುತ್ತಿ ಕಟ್ಟಿಕೊಂಡು ಹೊರಟಿದ್ದಳು.

"ಬ್ಯಾಂಕಿನೋರಿಗೆ ನಿಮ್ಮ ಮೇಲೆ ಏನ್ ಪ್ರೀತಿ ಇವತ್ತು, ಇರೆತಿ ಅಪ್ಪ," ಎಂದಳು ಮೊರೆನಿಕೆ, ಮೂತಿ ಸೊಟ್ಟಗೆ ಮಾಡಿ. "ಹೆಸರೇನು ಅವಳದು?"

ಆಚೆ ಬೆಂಚಿನಲ್ಲಿ ಕೂತಿದ್ದ ಇಬ್ಬರು ನಕ್ಕರು. ಅದೆಶಿನನೂ ನಕ್ಕ, ಮತ್ತು ಆ ನಗುವಿನ ಒಳಗೆ ಅವನಿಗೇ ಆಶ್ಚರ್ಯವಾಗುವಂಥ ಒಂದು ಸುಖವಿತ್ತು. ಇವಳಿಗೆ ನನ್ನ ಮೇಲೆ ಅನುಮಾನ. ನನಗೂ ಒಬ್ಬಳು ಇರಬಹುದು ಎಂದು ಇವಳಿಗೆ ಅನ್ನಿಸಿತಲ್ಲ. ಹೊಟ್ಟೆ ಬಂದಿರುವ, ಚಪ್ಪಲಿಯ ಉಂಗುಷ್ಟ ಹೊಲಿಸಿಕೊಂಡ, ನೀರಿನ ಕಚೇರಿಯ ಈ ಗಂಡಸಿಗೆ. ಆದರೆ ತಮಾಷೆ ಮಾಡುವವಳಿಗೆ ನಿಜವಾಗಿ ಅನುಮಾನವಿರುವುದಿಲ್ಲ, ಅನುಮಾನವಿರುವವನು ತಮಾಷೆ ಮಾಡುವುದಿಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಿದ್ದರೆ ಇವಳಿಗೆ ನನ್ನ ಮೇಲೆ ಅನುಮಾನವೇ ಇಲ್ಲ, ಅಂದರೆ ನಾನು ಯಾರ ಜೊತೆ ಹೋದರೂ ಇವಳಿಗೆ ಏನೂ ಅಲ್ಲ. ಯಾಕೆ ಏನೂ ಅಲ್ಲ? ಸುಖ ಹಾಗೇ ಹುಳಿಯಾಯಿತು. ಅವಳ ಕೊರಳಿನ ಸರವನ್ನು ನೋಡಿದ; ಹಳೆಯದೇ. ಗುರುವಾರ ಹಾಕಿಕೊಂಡು ಹೋಗುವುದೂ ಇದೇ.

ದೀಪ ಉರಿಯುತ್ತಿತ್ತು. ಮಂಕಾಗಿ, ನಿದ್ದೆಗಣ್ಣಿನಂತೆ, ಆದರೆ ಉರಿಯುತ್ತಿತ್ತು. ರೀವೈರ್ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಚಕ್ರದ ಹಳೆಯ ಹಬ್‌ಕ್ಯಾಪಿನಲ್ಲಿ ಇಡತೊಡಗಿದ. ಹೆಡ್‌ಲೈಟು, ಹಾರ್ನು, ವೈಪರು. ಒಂದು ಫ್ಯೂಸು ಕಿತ್ತು ದೀಪದ ಕಡೆ ನೋಡುವುದು, ತಲೆಯಾಡಿಸುವುದು, ಇನ್ನೊಂದು ಕೀಳುವುದು. ಸುತ್ತಲಿನವರೂ ಅವನ ಜೊತೆ ತಲೆಯಾಡಿಸಿದರು. ಯಾವುದಾದರೊಂದು ಫ್ಯೂಸಿಗೆ ದೀಪ ಆರಿಬಿಡಲಿ ಎಂದು ಅದೆಶಿನ ಮನಸ್ಸಿನಲ್ಲೇ ಬೇಡಿಕೊಂಡ, ಡಬ್ಬಿ ಅಲ್ಲದೆ ಬೇರೆ ಏನೋ ಕೆಟ್ಟಿರಲಿ, ಎಷ್ಟು ದೊಡ್ಡ ಖರ್ಚಿನದಾದರೂ ಕೆಟ್ಟಿರಲಿ. ಕೊನೆಯ ಫ್ಯೂಸೂ ಹಬ್‌ಕ್ಯಾಪಿಗೆ ಬಿತ್ತು. ದೀಪ ಆರಲಿಲ್ಲ. ರೀವೈರ್ ಸೊಂಟದ ಮೇಲೆ ಕೈಯಿಟ್ಟು, ಬಹಳ ದಿನದ ಮೇಲೆ ಸರಿಯಾದ ಎದುರಾಳಿ ಸಿಕ್ಕವನಂತೆ ಹಲ್ಲು ಬಿಟ್ಟ.

"ಇದು ಮನೆ ಅಡಿಗೆ ತಿನ್ನೋ ಕಳ್ಳ ಅಲ್ಲ ಯಜಮಾನ್ರೇ," ಎಂದ. "ನೇರ ಕಣಜಕ್ಕೇ ಕೈ ಹಾಕಿದಾನೆ. ಫ್ಯೂಸ್ ಗೀಸ್ ಏನಿಲ್ಲ, ಬ್ಯಾಟರಿಯಿಂದಾನೇ ವೈರ್ ಎಳ್ಕೊಂಡಿದಾನೆ."

ಅದೆಶಿನ ಎದ್ದು ನಿಂತು, ಸಾಕು ಬಿಡಿ, ಬ್ಯಾಟರಿಯೇ ಹಳತಾಗಿದೆ, ಹೊಸದೊಂದು ಹಾಕಿ ಕಳಿಸಿ, ನಾಳೆ ಓಯೋಗೆ ಹೋಗುವುದಿದೆ ಎಂದ. ಅವನ ದನಿ ಅವನಿಗೇ ಎತ್ತರವೆನ್ನಿಸಿತು. ಹೇಳಿದ ಮೇಲೆ ತಿಳಿಯಿತು, ಹೇಳಬಾರದಿತ್ತು. ಒಂದು ಬಲ್ಬಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ಗಂಡ ಹೊಸ ಬ್ಯಾಟರಿ ಎಂದದ್ದನ್ನು ಕೇಳಿ ಮೊರೆನಿಕೆ ನಿಧಾನವಾಗಿ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ರೀವೈರ್‌ಗಂತೂ ಅವಮಾನವಾಗಿತ್ತು. ಕಳ್ಳನನ್ನು ಮನೆಯಲ್ಲೇ ಇಟ್ಟುಕೊಂಡು ಹೊಸ ಅಕ್ಕಿ ತಂದು ಹಾಕುತ್ತೀರಾ ಎಂದು ಗೊಣಗುತ್ತ ಟೆಸ್ಟ್ ಲ್ಯಾಂಪು ಬಿಚ್ಚಿ ಟರ್ಮಿನಲ್ ಜೋಡಿಸಿದ. ಅದೆಶಿನನ ಜೇಬು ಗಲಗಲ ಎಂದಿತು.

ಮೊರೆನಿಕೆ ಆ ಜೇಬನ್ನು ನೋಡಿದಳು. ಆಮೇಲೆ ಬ್ಯಾಟರಿಯನ್ನು ನೋಡಿದಳು.

"ರೀವೈರ್," ಎಂದಳು, "ಆ ವೈರು ಇನ್ನೊಂದ್ಸಲ ತೆಗೀರಿ."

ತೆಗೆದ. ಗಲಗಲ. ಹಾಕಿ ಎಂದಳು. ಹಾಕಿದ. ಗಲಗಲ. ಅವಳು ಮತ್ತೆ ತೆಗೆಯಿರಿ ಎನ್ನಲಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಅಂಗೈಗೆ ಹಾಕಿಕೊಂಡು ನೋಡುವಾಗ ಅವಳ ಹುಬ್ಬು ಹೇಗೆ ನಿಲ್ಲುತ್ತದೋ ಹಾಗೆ ನಿಂತಿತ್ತು. ಚೀಲದಿಂದ ಕಾಳು ರುಬ್ಬಿ ಎಲೆಯಲ್ಲಿ ಬೇಯಿಸಿದ ಮೊಯಿನ್‌ಮೊಯಿನ್ ತೆಗೆದು, ಎಲೆ ಬಿಡಿಸಿ, ಅವನ ಕೈಗೆ ಕೊಟ್ಟಳು. ತಿನ್ನಿ, ಆರಿಹೋಗುತ್ತದೆ ಎಂದಳು. ಅವನು ಬಾಯಿಗಿಟ್ಟುಕೊಂಡ. ಇವಳಿಗೆ ತಿಳಿದುಹೋಯಿತು. ಇಲ್ಲ, ತಿಳಿದಿದ್ದರೆ ಕಿರುಚುತ್ತಿದ್ದಳು. ಅಥವಾ ತಿಳಿದು ಸುಮ್ಮನಿದ್ದಾಳೆ ಎಂದರೆ ಅವಳ ಕಡೆಯೂ ಬಚ್ಚಿಡುವುದೇನೋ ಇದೆ. ಹೌದು, ತಪ್ಪಿಲ್ಲದವಳು ಇಷ್ಟು ಸುಮ್ಮನಿರುವುದಿಲ್ಲ. ಸಿಕ್ಕಿಬೀಳುವ ಹೊತ್ತಿನಲ್ಲೂ ತನ್ನ ಮನಸ್ಸು ಅವಳ ತಪ್ಪನ್ನೇ ಹುಡುಕುತ್ತಿರುವುದು ಅವನಿಗೆ ಕಂಡಿತು. ಕಂಡರೂ ನಿಲ್ಲಿಸಲು ಬರಲಿಲ್ಲ.

ಮುಂದಿನದೆಲ್ಲ ಬೇಗ ಆಯಿತು. ರೀವೈರ್ ಬ್ಯಾಟರಿಯಿಂದ ಹೊರಟ ಒಂದು ಸಣ್ಣ ಕೆಂಪು ವೈರನ್ನು ಬೆರಳಿನಿಂದ ಸವರುತ್ತ ಹೋದ. ವೈರು ಕಾರಿನ ಒಳಗೆ ನುಗ್ಗಿ, ಕಾರ್ಪೆಟ್ಟಿನ ಕೆಳಗೆ ಹರಿದು, ಡ್ರೈವರ್ ಪಕ್ಕದ ಸೀಟಿನ ಎದುರಿನ ಖಾನೆಯ ಹಿಂದೆ ಹೋಗಿ ಮುಗಿಯಿತು. ಅದೆಶಿನ ಆ ಕಾರಿನಲ್ಲಿ ಹೆಂಡತಿಯ ಜೊತೆ ಹೋಗುವಾಗಲೆಲ್ಲ ಕೂರುವುದು ಆ ಸೀಟಿನಲ್ಲೇ, ಅವನ ಮೊಣಕಾಲಿಗೆ ತಾಗುವುದು ಆ ಖಾನೆಯೇ. ಕಪ್ಪು ಡಬ್ಬಿ ಟೇಪು ಸುತ್ತಿಕೊಂಡು ಹೊರಗೆ ಬಂತು, ಜೊತೆಗೆ ಮುಟ್ಟಿದರೆ ಬಿಸಿಯಾಗಿದ್ದ ಒಂದು ರಿಲೇ ಸ್ವಿಚ್ಚು, ರಾತ್ರಿಯೆಲ್ಲ ಕರೆಂಟು ತಿನ್ನುತ್ತಿದ್ದದ್ದು. ರೀವೈರ್ ಅದನ್ನು ಮೇಲೆತ್ತಿ ಹಿಡಿದು, ಸುಮ್ಮನಾದ. ಆ ಬಾಯಿ ಸುಮ್ಮನಾದದ್ದು ನೋಡಿಯೇ ಜನ ಸೇರಿದರು. ವೆಲ್ಡಿಂಗಿನವನು ಕನ್ನಡಕ ಹಣೆಗೇರಿಸಿಕೊಂಡು ಬಂದ, ತಮ್ಮ ತಮ್ಮ ಕಾರು ಕಾಯುತ್ತಿದ್ದವರು ಅವನ್ನು ಬಿಟ್ಟು ಬಂದರು. ಇದು ಅಪಹರಣ ಮಾಡುವವರ ಕೆಲಸ ಎಂದ ಒಬ್ಬ. ಇಲ್ಲ, ಕಾರು ಮಾರಿದವನದೇ, ಮಾರಿ ಮತ್ತೆ ಕದಿಯುತ್ತಾರೆ ಎಂದ ಇನ್ನೊಬ್ಬ. ಮುದುಕರೊಬ್ಬರು ಅದೆಶಿನನ ಭುಜ ಹಿಡಿದು, ನೋಡು ಮಗ, ನಿನ್ನ ಹೆಂಡತಿ ಒಬ್ಬಳೇ ಓಡಾಡುವವಳು, ಅವಳ ಮೇಲೆ ಯಾವನೋ ಕಣ್ಣಿಟ್ಟಿದ್ದಾನೆ, ಗಂಡನಾಗಿ ನೀನು ಸುಮ್ಮನಿರಬಾರದು ಎಂದರು. ಅದೆಶಿನ ತಲೆಯಾಡಿಸಿದ. ಕೋಪ ಬಂದವನಂತೆ ಮುಖ ಮಾಡಬೇಕಿತ್ತು, ಮಾಡಿದ. ಯಾರಿರಬಹುದು ಎಂದು ಗಟ್ಟಿಯಾಗಿ ಕೇಳಿದ.

"ನಾನೇ ಹಾಕಿಸಿದ್ದು," ಎಂದಳು ಮೊರೆನಿಕೆ.

ಎಲ್ಲರೂ ಅವಳ ಕಡೆ ತಿರುಗಿದರು. ಕಳ್ಳರ ಕಾಟ ಹೆಚ್ಚಾಯಿತಲ್ಲ, ಅದಕ್ಕೆ ಹಾಕಿಸಿದ್ದೆ, ಅಡಿಗೆಯ ಗಡಿಬಿಡಿಯಲ್ಲಿ ಮನೆಯವರಿಗೆ ಹೇಳುವುದು ಮರೆತುಹೋಯಿತು, ಸುಮ್ಮನೆ ನಿಮ್ಮನ್ನೆಲ್ಲ ಸುಸ್ತು ಮಾಡಿದೆ ಎಂದು ಅವಳು ಬಹಳ ಸಲೀಸಾಗಿ ಹೇಳಿದಳು. ಜನ ನಿರಾಸೆಯಿಂದ ಕರಗಿದರು. ಬೆಳಿಗ್ಗೆಯೇ ಹೇಳಿದ್ದರೆ ಎಂದು ರೀವೈರ್ ತಲೆ ಚಚ್ಚಿಕೊಂಡ. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು ಎಂಬುದೇ ಅದೆಶಿನನಿಗೆ ಮೊದಲು ಹೊಳೆದದ್ದು. ತನ್ನ ಮಾನ ಉಳಿಸಿದಳು ಎಂಬುದು ಆಮೇಲೆ ಹೊಳೆಯಿತು, ಬಹಳ ಹಿಂದೆ ಬಿದ್ದು.

ಅವಳು ಅವನನ್ನು ಕಾರಿನ ಬಾಗಿಲುಗಳನ್ನು ಒಟ್ಟಿದ್ದ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಅಳುತ್ತಾಳೆ ಎಂದುಕೊಂಡಿದ್ದ, ಬೈಯುತ್ತಾಳೆ ಎಂದುಕೊಂಡಿದ್ದ, ಎರಡಕ್ಕೂ ಸಿದ್ಧನಾಗಿದ್ದ. ಅವಳು ತನ್ನ ತಲೆಬಟ್ಟೆಯನ್ನು ಬಿಚ್ಚಿ, ಧೂಳು ಕೊಡವಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

"ನನ್ನನ್ನೇ ಯಾಕೆ ಕೇಳ್ಲಿಲ್ಲ?" ಎಂದಳು. "ಬಾಯಿ ಇತ್ತಲ್ಲ ನಿಮಗೆ. ಈಗಾದ್ರೂ ಕೇಳಿ. ಏನ್ ಕೇಳ್ಬೇಕೋ ಕೇಳಿ."

ಕ್ಷಮಿಸು ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ಹೇಳಲೆಂದೇ ಅವನು ಬಾಯಿ ತೆರೆದ. ಇಷ್ಟು ದಿನ ಜೊತೆಯಲ್ಲಿ ಉಂಡು ಮಲಗಿದವಳು, ಹತ್ತು ಜನರ ಮುಂದೆ ಗಂಡನ ಕಳ್ಳತನವನ್ನು ತನ್ನ ತಲೆಗೆ ಹಾಕಿಕೊಂಡವಳು ಎದುರಿಗೆ ನಿಂತಿದ್ದಾಳೆ, ಈಗ ಹೇಳದಿದ್ದರೆ ಇನ್ನು ಯಾವಾಗ?

"ಗುರುವಾರ ಎಲ್ಲಿಗೆ ಹೋಗ್ತೀಯ?" ಎಂದ.

ಅವಳು ಹೇಳಿದಳು. ಏನನ್ನೂ ಬಚ್ಚಿಡಲಿಲ್ಲ. ಆ ಗೇಟಿನೊಳಗೆ ಬಿಳಿ ನಿಲುವಂಗಿಯವರ ಪ್ರಾರ್ಥನಾಮಂದಿರವಿದೆ, ನನ್ನ ಅಮ್ಮ ಹೋಗುತ್ತಿದ್ದಂಥದ್ದು. ಬರಿಗಾಲಲ್ಲಿ ಕುಣಿಯುವ ಜನ, ಗಂಟೆ ಬಾರಿಸಿ ದೆವ್ವ ಕರೆಯುವವರು ಎಂದು ಮದುವೆಯಾದ ಹೊಸತರಲ್ಲಿ ನೀವು ನಿಮ್ಮ ಅಣ್ಣಂದಿರ ಮುಂದೆ ಅಣಕಿಸಿ ತೋರಿಸಿದಿರಿ, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಬಿಟ್ಟಿದ್ದೆ. ನಿಮ್ಮ ಇಗರ್ಜಿಯಲ್ಲಿ ಟೋಪಿ ಹಾಕಿಕೊಂಡು ಪುಸ್ತಕ ನೋಡಿ ಹಾಡಿದೆ. ಕಳೆದ ವರ್ಷ ಅಡಿಗೆಗೆ ಹೋದ ಮನೆಯಲ್ಲಿ ಅಮ್ಮ ಹಾಡುತ್ತಿದ್ದ ಹಾಡನ್ನು ಯಾರೋ ಹಾಡಿದರು, ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಗುರುವಾರ ಅಲ್ಲಿ ಹಾಡು ಅಭ್ಯಾಸ ಮಾಡುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಹೋಗಿ ಹಾಡಿ ಬರುತ್ತೇನೆ, ಅಷ್ಟೇ. ಹೇಳಿದರೆ ಮತ್ತೆ ನಗುತ್ತೀರಿ ಎಂದು ಹೇಳಲಿಲ್ಲ.

ಹೇಳುತ್ತ ಹೇಳುತ್ತ ಅವಳ ದನಿ ಮೆತ್ತಗಾಗಿತ್ತು. ಅಣಕಿಸಿದ್ದು ಅವನಿಗೆ ನೆನಪಿತ್ತು. ಅಣ್ಣನ ಮನೆಯ ಅಂಗಳ, ಬೆಡ್‌ಶೀಟು ಹೊದ್ದು ತಾನು ಕುಣಿದದ್ದು, ಬಾಗಿಲಲ್ಲಿ ನಿಂತು ಅವಳು ನಕ್ಕದ್ದು. ಆಗ ಅವಳಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದ. ಈಗ ಅವಳನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು, ನಿಜವಾಗಿ ಅನ್ನಿಸಿತು. ಅವಳು ಕಾಯುತ್ತಿದ್ದಳು. ಆದರೆ ಒಳಗೆ ಇನ್ನೊಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಹಾಡು ಅಭ್ಯಾಸಕ್ಕೆ ಅಷ್ಟು ಹೊತ್ತು ಬೇಕೇ? ಗೇಟು ಯಾಕೆ ಮುಚ್ಚಿರುತ್ತದೆ? ಅವನು ನಿಂತು ನೋಡಿದ ದಿನ ಹಾಡು ಯಾಕೆ ಕೇಳಿಸಲಿಲ್ಲ?

"ಅಲ್ಲಿ ಹಾಡು ಹೇಳ್ಕೊಡೋರು ಗಂಡಸೋ, ಹೆಂಗಸೋ?" ಎಂದು ಕೇಳಿದ.

ಮೊರೆನಿಕೆ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇನ್ನು ಕೆಲಸವಿಲ್ಲ ಎಂದು ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಎದ್ದುಬಿಡುವವಳ ಮುಖವಿತ್ತು. ಅವಳು ತಿರುಗಿ ಬಾಗಿಲುಗಳ ರಾಶಿ ದಾಟಿ ಕಾರಿನ ಹತ್ತಿರ ಹೋದಳು. ಅವನು ಹಿಂದೆಯೇ ಹೋದ. ರೀವೈರ್ ಡಬ್ಬಿಯನ್ನು ಮುರುಕು ರೇಡಿಯೋಗಳ ಡಬ್ಬಕ್ಕೆ ಎಸೆಯುವುದರಲ್ಲಿದ್ದ.

"ಎಸೀಬೇಡಿ," ಎಂದಳು. "ವಾಪಸ್ ಕೂರಿಸಿ. ಮನೆಯವರಿಗೆ ಬೇಕು. ನಾನು ಎಲ್ಲೇ ಹೋದ್ರೂ ಬ್ಯಾಟರಿ ಖಾಲಿ ಆಗ್ದಿರೋ ಹಾಗೆ, ಗಟ್ಟಿಯಾಗಿ ಕೂರಿಸಿಕೊಡಿ."

ರೀವೈರ್ ಹೆಂಡತಿಯ ಮುಖ ನೋಡಿದ, ಗಂಡನ ಮುಖ ನೋಡಿದ, ವೈರಿನ ತುದಿ ಸುಲಿಯತೊಡಗಿದ. ಅದೆಶಿನ ಬೆಂಚಿನ ಮೇಲೆ ಕೂತ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುವಷ್ಟು ನಾಚಿಕೆ ಆಗಬೇಕಾಗಿದ್ದ ಹೊತ್ತದು. ಅವನಿಗೆ ಆದದ್ದು ಸಮಾಧಾನ. ಡಬ್ಬಿ ಮತ್ತೆ ಒಳಗೆ ಹೋಗುತ್ತಿತ್ತು, ಈ ಸಲ ಎಲ್ಲಿ ಎಂದು ಅವನು ಕತ್ತು ಚಾಚಿ ನೋಡಿಕೊಂಡ.